ವಸತಿಗಾಗಿ ಸಹಾಯಾರ್ಥ ಸೈಕಲ್ ಯಾತ್ರೆ

ಸೂರಿಲ್ಲದವರಿಗೆ, ಇದ್ದ ಸೂರು ವಾಸಕ್ಕೆ ತಕ್ಕುದಲ್ಲದವರಿಗೆ ಮನೆ ಒದಗಿಸಲು ಹಣ ಕೂಡಿಸುವ ಉದ್ದೇಶದಿಂದ ನೂರಾರು ಅಥವಾ ಸಾವಿರಾರು ಕಿಲೋಮೀಟರ್ ದೂರವನ್ನು ಗುಂಪಾಗಿ ಸೈಕಲ್ ಮೇಲೆ ಕ್ರಮಿಸುವ ಪದ್ಧತಿ. ಸವಾರರು ಹೊರಡುವ ಮುನ್ನ ಬಂಧುಮಿತ್ರರಿಂದ, ಊರವರಿಂದ ಗೊತ್ತಾದ ಮೊತ್ತದ ದೇಣಿಗೆ ಎತ್ತುತ್ತಾರೆ. ದಾರಿಯಲ್ಲಿ ಕೆಲವು ದಿನ ಸೈಕಲ್ ನಿಲ್ಲಿಸಿ ಮನೆ ಕಟ್ಟುವ ಕೆಲಸಕ್ಕೆ ಕೈಹಚ್ಚುತ್ತಾರೆ. ಈ ಪದ್ಧತಿ ಹುಟ್ಟಿ ಬೆಳೆದದ್ದು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ, 1990ರ ದಶಕದಿಂದ ಈಚೆಗೆ. ವಸತಿಯ ಕೊರತೆಯೆದುರು ಇಂಥ ಯಾತ್ರೆಗಳು ಕೂಡಿಸುವ ಹಣ ತೀರ ಚಿಕ್ಕದು. ಆದರೂ ಅವನ್ನು ಉತ್ಸಾಹಿಗಳ ಬೇಸಿಗೆ ರಜೆಯ ಹವ್ಯಾಸವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕೊಡುವವನು, ಕಟ್ಟುವವನು, ವಾಸಿಸುವವನು ಈ ಮೂವರನ್ನು ಒಂದೇ ವ್ಯವಸ್ಥೆಯೊಳಗೆ ತರುವ ಯಾತ್ರೆ ಸಾರ್ಥಕ. ಹಣ ಎತ್ತಿ ಅಲ್ಲಿಗೇ ಕೈತೊಳೆದುಕೊಳ್ಳುವ ಯಾತ್ರೆ ಅಷ್ಟರ ಮಟ್ಟಿಗೆ ಸೊರಗಿದ್ದು. ಈ ಪದ್ಧತಿಯ ಚರಿತ್ರೆ, ಲೆಕ್ಕಪತ್ರ, ಅದರ ಮೇಲಿನ ಆಕ್ಷೇಪಗಳು ಮೂರೂ ಈ ಮಾತಿಗೆ ಆಧಾರ ಕೊಡುತ್ತವೆ.

ಹಿನ್ನೆಲೆ

ಈ ಯಾತ್ರೆಗಳ ಹಿಂದೆ ಮೂರು ಬೇರೆ ಬೇರೆ ಪರಂಪರೆಗಳಿವೆ. ಮೊದಲನೆಯದು ದೂರಯಾನದ ಸೈಕಲ್ ಸವಾರಿ. ಥಾಮಸ್ ಸ್ಟೀವನ್ಸ್ 1884ರಲ್ಲಿ ಮುಂದಿನ ಚಕ್ರ ದೊಡ್ಡದಾಗಿದ್ದ ಹಳೆಯ ಮಾದರಿಯ ಸೈಕಲ್ಲಿನ ಮೇಲೆ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬಾಸ್ಟನ್‌ವರೆಗೆ ಅಮೆರಿಕವನ್ನು ದಾಟಿದ. ಆದರೆ ಖಂಡವನ್ನು ಸೈಕಲ್ ಮೇಲೆ ದಾಟುವುದು ಸಾಮಾನ್ಯರಿಗೂ ಸಾಧ್ಯವೆಂದು ತೋರಿದ್ದು 1976ರ ಬೈಕ್‌ಸೆಂಟೆನಿಯಲ್. ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ನೆನಪಿಗೆ ಏರ್ಪಟ್ಟ ಆ ಯಾತ್ರೆಗಾಗಿ ಪಶ್ಚಿಮದ ಆರೆಗಾನ್ ರಾಜ್ಯದಿಂದ ಪೂರ್ವದ ವರ್ಜೀನಿಯಾವರೆಗೆ 4,000 ಮೈಲಿಗೂ ಮೀರಿದ ಮಾರ್ಗ ಗುರುತಿಸಲಾಯಿತು. ಆ ಬೇಸಿಗೆ ಸುಮಾರು 4,000 ಜನ ಪೂರ್ತಿಯಾಗಿಯೋ ಭಾಗಶಃವೋ ಆ ದಾರಿಯಲ್ಲಿ ಸಾಗಿದರು. ಹೆದ್ದಾರಿಯ ಗದ್ದಲ ಬಿಟ್ಟು ಚಿಕ್ಕ ಊರುಗಳನ್ನು ಹಾದುಹೋಗುವ ರಸ್ತೆಗಳ ನಕ್ಷೆ, ರಾತ್ರಿ ತಂಗಲು ಶಾಲೆ ಮತ್ತು ಚರ್ಚುಗಳ ಆಸರೆ ಕೇಳುವ ರೂಢಿ ಅಲ್ಲಿಂದ ಮುಂದೆ ಗಟ್ಟಿಯಾಯಿತು.

ಎರಡನೆಯದು ದೇಹಶ್ರಮವನ್ನು ಮುಂದಿಟ್ಟು ದೇಣಿಗೆ ಕೇಳುವ ಪರಂಪರೆ. ಹಸಿದವರ ನೆರವಿಗಾಗಿ ಅಮೆರಿಕದ ಚರ್ಚುಗಳು ನಡೆಸಿಕೊಂಡು ಬಂದ ಕ್ರಾಪ್ ನಡಿಗೆ 1969ರಲ್ಲಿ ನಾರ್ತ್ ಡಕೋಟದ ಬಿಸ್ಮಾರ್ಕ್ ನಗರದಲ್ಲಿ ಆರಂಭವಾಯಿತು. ಕ್ಯಾನ್ಸರಿಗೆ ಒಂದು ಕಾಲು ಕಳೆದುಕೊಂಡ ಕೆನಡಾದ ತರುಣ ಟೆರಿ ಫಾಕ್ಸ್ 1980ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ದೇಣಿಗೆ ಕೇಳುತ್ತ 143 ದಿನ ಓಡಿ 5,373 ಕಿ.ಮೀ. ಕ್ರಮಿಸಿದ. ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 36 ಸವಾರರು ಸೇರಿ ಕ್ಯಾನ್ಸರ್ ಸಂಶೋಧನೆಗೆ 10,200 ಡಾಲರ್ ಕೂಡಿಸಿದರು. ಪ್ಯಾನ್-ಮ್ಯಾಸ್ ಚಾಲೆಂಜ್ ಎಂಬ ಆ ಯಾತ್ರೆ ಈಗ ಪ್ರತಿವರ್ಷ ಕೋಟಿಗಟ್ಟಲೆ ಡಾಲರ್ ಎತ್ತುವಷ್ಟು ಬೆಳೆದಿದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಸಹಭಾಗಿ ವಸತಿಯ ಚಿಂತನೆ. ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಪಟ್ಟಣದ ಬಳಿ 1942ರಲ್ಲಿ ಕ್ಲಾರೆನ್ಸ್ ಜೋರ್ಡನ್ ಮತ್ತು ಸಂಗಡಿಗರು ಸ್ಥಾಪಿಸಿದ ಕೊಯಿನೊನಿಯಾ ಎಂಬ ಕೃಷಿ ಸಮುದಾಯ ಇದರ ತವರು. ಕರಿಯರೂ ಬಿಳಿಯರೂ ಒಟ್ಟಿಗೆ ದುಡಿದು ಬಾಳಬೇಕೆಂಬ ಪಣ ತೊಟ್ಟ ಆ ಸಮುದಾಯ ಸುತ್ತಲಿನವರ ಬಹಿಷ್ಕಾರ, ಹಿಂಸೆಗಳನ್ನು ಸಹಿಸಿ ಉಳಿಯಿತು. ಎಳೆಯ ವಯಸ್ಸಿನಲ್ಲೇ ವ್ಯಾಪಾರದಿಂದ ಸಿರಿವಂತನಾಗಿ, ಆ ಸಿರಿಯನ್ನು ತೊರೆದು ಬಂದ ವಕೀಲ ಮಿಲರ್ಡ್ ಫುಲ್ಲರ್ ಮತ್ತು ಪತ್ನಿ ಲಿಂಡಾ ಅಲ್ಲಿ ಜೋರ್ಡನ್ನರ ಜೊತೆ ರೂಪಿಸಿದ ಯೋಜನೆ ಸರಳವಾದದ್ದು: ಮನೆಯನ್ನು ಲಾಭವಿಲ್ಲದೆ ಮಾರಬೇಕು, ಸಾಲಕ್ಕೆ ಬಡ್ಡಿ ಹಾಕಬಾರದು, ಮನೆ ಪಡೆಯುವ ಕುಟುಂಬ ತಾನೂ ಕಟ್ಟಡದ ಕೆಲಸದಲ್ಲಿ ದುಡಿಯಬೇಕು, ಅವರು ತೀರಿಸುವ ಕಂತು ಮುಂದಿನ ಮನೆಗೆ ಬಂಡವಾಳವಾಗಬೇಕು. ಮಧ್ಯ ಆಫ್ರಿಕದ ಅಂದಿನ ಜೈರೆ ದೇಶದಲ್ಲಿ ಇದನ್ನು ಪ್ರಯೋಗಿಸಿ ಮರಳಿದ ಫುಲ್ಲರ್ ದಂಪತಿ 1976ರಲ್ಲಿ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಸಂಸ್ಥೆಯನ್ನು ಕಟ್ಟಿದರು. 1984ರಿಂದ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತು ರೋಸಲಿನ್ ಕಾರ್ಟರ್ ಸುತ್ತಿಗೆ ಹಿಡಿದು ದುಡಿಯತೊಡಗಿದ ಮೇಲೆ ಸಂಸ್ಥೆಯ ಹೆಸರು ಜಗತ್ತಿಗೆಲ್ಲ ತಿಳಿಯಿತು. ಫುಲ್ಲರ್ 1983ರಲ್ಲಿ ಅಮೆರಿಕಸ್‌ನಿಂದ ಇಂಡಿಯಾನಾಪೊಲಿಸ್‌ವರೆಗೆ ಸುಮಾರು 700 ಮೈಲಿ ನಡೆದು ಹಣ ಕೂಡಿಸಿದ್ದರು. ಮನೆಗಾಗಿ ದೂರ ಸಾಗುವ ಮಾದರಿ ಹೀಗೆ ಕಾಲ್ನಡಿಗೆಯಲ್ಲಿ ಮೊದಲಾಯಿತು. ಸೈಕಲ್ ಅದನ್ನು ಮುಂದುವರಿಸಿತು.

ಪ್ರಮುಖ ಯಾತ್ರೆಗಳು

1990ರ ದಶಕದ ನಡುವಿನಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿರುವ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಲ್ಲಿನ ಹ್ಯಾಬಿಟಾಟ್ ಶಾಖೆಗಾಗಿ ಪಶ್ಚಿಮ ಕರಾವಳಿವರೆಗೆ ಸೈಕಲ್ ಯಾತ್ರೆ ಆರಂಭಿಸಿದರು. ಹ್ಯಾಬಿಟಾಟ್ ಬೈಸಿಕಲ್ ಚಾಲೆಂಜ್ ಎಂಬ ಆ ವಾರ್ಷಿಕ ಯಾತ್ರೆಯಲ್ಲಿ ದೂರ ಸುಮಾರು 4,000 ಮೈಲಿ, ಪ್ರತಿ ಸವಾರ ಎತ್ತಬೇಕಾದ ದೇಣಿಗೆ ಸುಮಾರು 4,000 ಡಾಲರ್; ಮೈಲಿಗೊಂದು ಡಾಲರ್ ಎಂಬುದು ಹೇಳಲೂ ಕೇಳಲೂ ಸುಲಭವಾದ ಲೆಕ್ಕವಾಯಿತು. ಅದರ ಅನುಭವದಿಂದ 2002ರಲ್ಲಿ ಫಿಲಡೆಲ್ಫಿಯಾದಲ್ಲಿ ಬೈಕ್ ಆ್ಯಂಡ್ ಬಿಲ್ಡ್ ಸಂಸ್ಥೆ ಹುಟ್ಟಿತು. 2003ರ ಬೇಸಿಗೆಯಲ್ಲಿ ಅದರ ಮೊದಲ ತಂಡಗಳು ಹೊರಟವು. ಹತ್ತು ವಾರಗಳ ಆಸುಪಾಸಿನಲ್ಲಿ ಕರಾವಳಿಯಿಂದ ಕರಾವಳಿಗೆ ಸಾಗುವ, ತಲಾ ಸುಮಾರು 30 ಮಂದಿಯ ತಂಡಗಳು ಅದರ ಮುಖ್ಯ ರೂಪವಾಗಿದ್ದವು. ಸವಾರರು ಬಹುತೇಕ ಕಾಲೇಜು ಮುಗಿಸುವ ಹಂತದ ತರುಣ ತರುಣಿಯರಾಗಿದ್ದರು. ಒಂದೇ ಶಾಖೆಗೆ ಹಣ ಕಳಿಸುವ ಬದಲು ದೇಶದ ಹಲವೆಡೆಯ ವಸತಿ ಸಂಸ್ಥೆಗಳಿಗೆ ಅನುದಾನ ಹಂಚಿದ್ದು ಈ ಸಂಸ್ಥೆಯ ವೈಶಿಷ್ಟ್ಯ. ಫುಲ್ಲರ್ 2005ರಲ್ಲಿ ಹ್ಯಾಬಿಟಾಟ್‌ನಿಂದ ಹೊರಬಂದು ಸ್ಥಾಪಿಸಿದ ಫುಲ್ಲರ್ ಸೆಂಟರ್ ಫಾರ್ ಹೌಸಿಂಗ್ 2008ರಿಂದ ತನ್ನದೇ ಸೈಕಲ್ ಯಾತ್ರೆ ನಡೆಸುತ್ತ ಬಂತು. ಇದರಲ್ಲಿ ಹದಿಹರೆಯದವರಿಂದ ನಿವೃತ್ತರವರೆಗೆ ಎಲ್ಲ ವಯಸ್ಸಿನವರಿಗೂ ಜಾಗವಿದೆ. ಮಿನ್ನೆಸೋಟದ ಹ್ಯಾಬಿಟಾಟ್ 500 ಎಂಬ ಯಾತ್ರೆ ಒಂದು ವಾರದಲ್ಲಿ 500 ಮೈಲಿ ಮುಗಿಸುವ, ಕೆಲಸಕ್ಕೆ ಹೋಗುವವರೂ ರಜೆ ಹಾಕಿ ಸೇರಬಹುದಾದ ಮಾದರಿ.

ಯಾತ್ರೆಯ ದಿನಚರಿ

ಸವಾರರು ಬೆಳಕು ಹರಿಯುವ ಮುನ್ನ ಏಳುತ್ತಾರೆ. ರಾತ್ರಿ ಮಲಗಿದ್ದ ಚರ್ಚಿನ ಅಥವಾ ಶಾಲೆಯ ನೆಲವನ್ನು ಗುಡಿಸಿ, ಹಾಸಿಗೆ ಸುತ್ತಿ, ಸಾಮಾನನ್ನು ಜೊತೆಗೆ ಬರುವ ವ್ಯಾನಿಗೆ ತುಂಬುತ್ತಾರೆ. ಆ ದಿನದ ಪಾಲು 60, 70 ಮೈಲಿ. ಕೆಲವು ದಿನ ನೂರನ್ನೂ ಮೀರುತ್ತದೆ. ಮುಂದೆ ಹೋಗುವವರು ತಿರುವು ಬಂದಲ್ಲೆಲ್ಲ ಇಳಿದು ಡಾಂಬರಿನ ಮೇಲೆ ಸೀಮೆಸುಣ್ಣದಿಂದ ಬಾಣದ ಗುರುತು ಬರೆಯುತ್ತಾರೆ. ಹಿಂದೆ ಬರುವವರಿಗೆ ಅದೇ ದಾರಿದೀಪ. ಸಂಜೆ ತಲುಪಿದ ಊರಿನವರು ಬಡಿಸುವ ಊಟ, ಆಮೇಲೆ ಅವರೆದುರು ವಸತಿ ಸಮಸ್ಯೆಯ ಬಗ್ಗೆ ಒಂದು ಚಿಕ್ಕ ಉಪನ್ಯಾಸ. ವಾರಕ್ಕೊಮ್ಮೆಯಾದರೂ ಬರುವ ಕಟ್ಟಡದ ದಿನದಂದು ಸೈಕಲ್ಲುಗಳು ಗೋಡೆಗೆ ಒರಗುತ್ತವೆ. ಅಮೆರಿಕದ ಸಾಮಾನ್ಯ ಮನೆಯ ಗೋಡೆ ಮರದ್ದು: ನಿಲುವು ಪಟ್ಟಿಗಳನ್ನು 16 ಅಂಗುಲಕ್ಕೊಂದರಂತೆ ನೆಲದ ಮೇಲೆ ಜೋಡಿಸಿ, ಮೇಲುಪಟ್ಟಿ ಕೆಳಪಟ್ಟಿಗೆ ಮೊಳೆ ಹೊಡೆದು ಚೌಕಟ್ಟು ಸಿದ್ಧವಾದ ಮೇಲೆ ಹತ್ತಾರು ಕೈಗಳು ಒಟ್ಟಿಗೆ ಅದನ್ನು ಎತ್ತಿ ನಿಲ್ಲಿಸುತ್ತವೆ. ಈ ಕೆಲಸಕ್ಕೆ ಬೇಕಾದದ್ದು ಬಹಳ ಕೈಗಳು ಮತ್ತು ಒಬ್ಬ ನುರಿತ ಮೇಲ್ವಿಚಾರಕ. ಮನೆಯ ಒಡತಿಯಾಗಲಿರುವವಳೂ ಹಲವೊಮ್ಮೆ ಅದೇ ಚೌಕಟ್ಟಿಗೆ ಕೈಕೊಟ್ಟಿರುತ್ತಾಳೆ, ಏಕೆಂದರೆ ನೂರಾರು ಗಂಟೆಗಳ ಶ್ರಮ ಅವಳ ಒಪ್ಪಂದದ ಭಾಗ. ಬೇರೆ ಉದ್ದೇಶಗಳ ಸಹಾಯಾರ್ಥ ಯಾತ್ರೆಗಳಲ್ಲಿ ಕೊಡುವವರೂ ಪಡೆಯುವವರೂ ಹೀಗೆ ಒಟ್ಟಿಗೆ ದುಡಿಯಲು ಎಡೆ ಕಡಿಮೆ. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿದ ಸವಾರ ಪ್ರಯೋಗಾಲಯದಲ್ಲಿ ದುಡಿಯಲಾರ. ಮನೆಗೆ ಹಣ ಕೂಡಿಸಿದವನು ಅದೇ ಮನೆಗೆ ಮೊಳೆ ಹೊಡೆಯಬಲ್ಲ. ವಸತಿಗೂ ಸೈಕಲ್ ಯಾತ್ರೆಗೂ ಒಳಗಿನ ನಂಟಿರುವುದು ಇಲ್ಲಿಯೇ.

ಹಣದ ಲೆಕ್ಕ

ಒಂದು ತಂಡದಲ್ಲಿ 30 ಸವಾರರಿದ್ದು ಪ್ರತಿಯೊಬ್ಬರೂ 4,000 ಡಾಲರ್ ತಂದರೆ 1,20,000 ಡಾಲರ್ ಆಗುತ್ತದೆ. ಊಟ, ವ್ಯಾನು, ವಿಮೆ, ಕಚೇರಿಯ ಖರ್ಚು ಕಳೆದು ಉಳಿದದ್ದು ಒಂದು ಸಾಧಾರಣ ಮನೆಯ ವೆಚ್ಚಕ್ಕೂ ಸಾಲದಿರಬಹುದು. ಇನ್ನು ಕೊರತೆಯ ಗಾತ್ರ: 2024ರ ಜನವರಿಯ ಒಂದು ರಾತ್ರಿ ಅಮೆರಿಕದಲ್ಲಿ ನಡೆದ ಸರ್ಕಾರಿ ಎಣಿಕೆಯಲ್ಲಿ ಮನೆಯಿಲ್ಲದವರ ಸಂಖ್ಯೆ 7,71,480, ಹಿಂದಿನ ವರ್ಷಕ್ಕಿಂತ ಶೇಕಡ 18ರಷ್ಟು ಹೆಚ್ಚು. ಆದಾಯದ ಶೇಕಡ 30ಕ್ಕೂ ಮಿಗಿಲಾಗಿ ಬಾಡಿಗೆಗೇ ತೆರುವ ಕುಟುಂಬಗಳು 2022ರಲ್ಲಿ 2 ಕೋಟಿ 20 ಲಕ್ಷವನ್ನು ಮೀರಿದ್ದವು. ಇದಕ್ಕೆ ಎದುರಾಗಿ ಸರ್ಕಾರದ ಒಂದೇ ಒಂದು ಕ್ರಮ, ಬಡವರ ವಸತಿ ಕಟ್ಟುವವರಿಗೆ 1986ರ ಕಾಯಿದೆ ಕೊಟ್ಟ ತೆರಿಗೆ ರಿಯಾಯಿತಿ, 30 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಬಂಡವಾಳ ಒದಗಿಸಿದೆ. ಹಣದ ತಕ್ಕಡಿಯಲ್ಲಿ ಮಾತ್ರ ತೂಗಿದರೆ ಸೈಕಲ್ ಯಾತ್ರೆಯ ತಟ್ಟೆ ಹಗುರವಾಗಿ ಮೇಲೇ ಉಳಿಯುತ್ತದೆ.

ಆದರೆ ಹಣ ಎಷ್ಟು ಎಂಬುದರ ಜೊತೆಗೆ ಅದು ಎಲ್ಲಿಗೆ ಬೀಳುತ್ತದೆ ಎಂಬುದನ್ನೂ ಕೇಳಬೇಕು. ಆಹಾರಕ್ಕೆ ಕೊಟ್ಟ ದಾನ ಒಮ್ಮೆ ಹೊಟ್ಟೆ ತುಂಬಿಸುತ್ತದೆ. ಅದರ ಅಗತ್ಯವೇ ಅಂಥದ್ದು. ಕಂತಿನ ರೂಪದಲ್ಲಿ ಮರಳುವ ವಸತಿ ನಿಧಿಗೆ ಬಿದ್ದ ದಾನ ಮೊದಲ ಮನೆ ಕಟ್ಟಿದ ಮೇಲೂ ಸಾಯುವುದಿಲ್ಲ. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಆ ಕುಟುಂಬ ಅಸಲನ್ನು ತೀರಿಸುತ್ತ ಹೋದಂತೆ ಅದೇ ಹಣ ಎರಡನೆಯ, ಮೂರನೆಯ ಮನೆಗೆ ಹಂಚಿಹೋಗುತ್ತದೆ. ಬೆಲೆಯೇರಿಕೆ ಅದರ ಶಕ್ತಿಯನ್ನು ಕುಗ್ಗಿಸುವುದು ನಿಜ, ಪೂರ್ತಿ ಅಳಿಸುವುದಿಲ್ಲ. ಹೀಗಾಗಿ ಯಾತ್ರೆಯೊಂದರ ಬೆಲೆ ಕಟ್ಟುವಾಗ ಅದು ಬೆಂಬಲಿಸುವ ವಸತಿ ಸಂಸ್ಥೆಯ ಸಾಲದ ನಿಯಮ, ಕುಟುಂಬಗಳ ಆಯ್ಕೆ, ಕಂತು ವಸೂಲಿಯ ಶಿಸ್ತು ಇವನ್ನು ಮೊದಲು ನೋಡಬೇಕು. ಸವಾರರು ಎಷ್ಟು ದೂರ ಹೋದರು ಎಂಬುದು ಆಮೇಲಿನ ಪ್ರಶ್ನೆ.

ಆಕ್ಷೇಪಗಳು

ಮೊದಲ ಆಕ್ಷೇಪ ಖರ್ಚಿನದು. ಪ್ರಯಾಣಕ್ಕೂ ಊಟಕ್ಕೂ ಆಗುವ ವೆಚ್ಚವನ್ನು ನೇರವಾಗಿ ಮನೆಗೇ ಕೊಡಬಹುದಲ್ಲ? ಈ ಪ್ರಶ್ನೆಗೆ ನಿಜವಾದ ಆಧಾರವಿದೆ. 1994ರಲ್ಲಿ ಆರಂಭವಾದ ಕ್ಯಾಲಿಫೋರ್ನಿಯಾ ಏಡ್ಸ್ ರೈಡ್ ದೊಡ್ಡ ಮೊತ್ತ ಎತ್ತಿತಾದರೂ ಅದನ್ನು ನಡೆಸುತ್ತಿದ್ದ ಖಾಸಗಿ ಕಂಪನಿಯ ಖರ್ಚಿನ ಬಗ್ಗೆ ಕಟು ಟೀಕೆ ಎದ್ದು, 2002ರಲ್ಲಿ ಆ ಕಂಪನಿ ಮುಚ್ಚಿತು. ಫಲಾನುಭವಿ ಸಂಸ್ಥೆಗಳೇ ಬೇರೆ ಯಾತ್ರೆ ಆರಂಭಿಸಿಕೊಂಡವು. ಇನ್ನೊಂದು ಕಡೆ ಪ್ಯಾನ್-ಮ್ಯಾಸ್ ಚಾಲೆಂಜ್ ಸವಾರರು ಎತ್ತಿದ ಹಣವನ್ನೆಲ್ಲ ಕ್ಯಾನ್ಸರ್ ಸಂಶೋಧನೆಗೇ ಒಪ್ಪಿಸುತ್ತದೆ; ನಡೆಸುವ ಖರ್ಚು ಪ್ರಾಯೋಜಕರಿಂದ, ಪ್ರವೇಶ ಶುಲ್ಕದಿಂದ ಬರುತ್ತದೆ. ದುಂದು ಈ ಪದ್ಧತಿಯ ಹುಟ್ಟುಗುಣವಲ್ಲ, ನಡೆಸುವವರ ಆಯ್ಕೆ ಎಂಬುದಕ್ಕೆ ಇವೆರಡು ಉದಾಹರಣೆ ಸಾಕು. ಇನ್ನು ಸವಾರಿಯಿಲ್ಲದೆಯೇ ಅಷ್ಟು ಹಣ ಬರುತ್ತಿತ್ತೆ ಎಂಬುದೂ ಅನುಮಾನ. ಸಂಶೋಧಕರಾದ ಕ್ರಿಸ್ಟೊಫರ್ ಒಲಿವೊಲಾ ಮತ್ತು ಎಲ್ದಾರ್ ಶಫೀರ್ 2013ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಶ್ರಮ ಮತ್ತು ನೋವು ಬೇಡುವ ಕಾರ್ಯಕ್ರಮಕ್ಕೆ ಜನ ಸುಖದ ಕಾರ್ಯಕ್ರಮಕ್ಕಿಂತ ಹೆಚ್ಚು ಕೊಡಲು ಒಪ್ಪುತ್ತಾರೆ. ಲಂಡನ್ ಮ್ಯಾರಥಾನ್ ಓಟಗಾರರ ದೇಣಿಗೆಗಳನ್ನು ಪರಿಶೀಲಿಸಿದ ಬ್ರಿಟನ್ನಿನ ಅರ್ಥಶಾಸ್ತ್ರಜ್ಞರು, ಹಿಂದಿನವರು ಹೆಚ್ಚು ಕೊಟ್ಟದ್ದನ್ನು ಕಂಡ ಮುಂದಿನವರೂ ಹೆಚ್ಚು ಕೊಡುತ್ತಾರೆಂದು ತೋರಿಸಿದ್ದಾರೆ. ವಸತಿಯಂಥ, ಭೂಕಂಪದಂತೆ ದಿಢೀರನೆ ಕರುಳು ಮಿಡಿಸದ ಸಮಸ್ಯೆಗೆ ಈ ಪ್ರೇರಣೆ ಹೆಚ್ಚಾಗಿಯೇ ಬೇಕು.

ಎರಡನೆಯದು, ಕಸುಬು ತಿಳಿಯದ ವಿದ್ಯಾರ್ಥಿಗಳು ಒಂದು ದಿನ ಬಂದು ಕಟ್ಟಿದರೆ ಲಾಭಕ್ಕಿಂತ ತೊಡಕೇ ಹೆಚ್ಚು ಎಂಬ ಮಾತು. ಬಡ ದೇಶಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿನ ಗಾರೆ ಕೆಲಸದವರ ಕೂಲಿ ತಪ್ಪಿಸಿ ಗೋಡೆ ಕಟ್ಟಿ ಬರುವ ಸ್ವಯಂಸೇವಕರ ವಿಷಯದಲ್ಲಿ ಈ ಟೀಕೆ ಸರಿ. ತನ್ನದೇ ದೇಶದಲ್ಲಿ, ಕೂಲಿ ದುಬಾರಿಯಾದ ಕಡೆ, ಸ್ವಯಂಸೇವಕರಿಗೆಂದೇ ಕೆಲಸ ವಿಂಗಡಿಸಿಟ್ಟ ಕಟ್ಟಡದಲ್ಲಿ ಅದು ಅಷ್ಟು ಅನ್ವಯಿಸುವುದಿಲ್ಲ. ವಿದ್ಯುತ್ ಮತ್ತು ನೀರಿನ ಕೊಳಾಯಿಯ ಕೆಲಸ ಪರವಾನಗಿ ಇರುವವರದೇ. ಚೌಕಟ್ಟು, ಹೊರಹೊದಿಕೆ, ಬಣ್ಣದಂಥವು ಹೇಳಿಕೊಟ್ಟರೆ ಬರುವಂಥವು. ಹಾಗಿದ್ದೂ ಸವಾರರಿಗೆ ಯಾತ್ರೆಗೆ ಮುಂಚೆಯೇ ಕಟ್ಟಡದ ಕೆಲಸದ ಅಭ್ಯಾಸ ಆಗಬೇಕು.

ಮೂರನೆಯ ಆಕ್ಷೇಪ ಹೆಚ್ಚು ನೋಯಿಸುವಂಥದ್ದು. ಹತ್ತು ವಾರ ದುಡಿಮೆ ಬಿಟ್ಟಿರಬಲ್ಲವರು, ಸಾವಿರಾರು ಡಾಲರ್ ಕೊಡಬಲ್ಲ ನೆಂಟರಿಷ್ಟರಿರುವವರು ಅನುಕೂಲಸ್ಥರ ಮಕ್ಕಳೇ. ಅವರ ಸಾಹಸದ ಚಿತ್ರಕ್ಕೆ ಬಡವನ ಮನೆ ಹಿನ್ನೆಲೆಯ ಪರದೆಯಾಗುತ್ತದೆ ಎಂದು ಟೀಕಾಕಾರರು ಹೇಳುತ್ತಾರೆ. ಇದನ್ನು ಪೂರ್ತಿ ಅಲ್ಲಗಳೆಯುವಂತಿಲ್ಲ. ಆದರೆ ಸಹಭಾಗಿ ವಸತಿಯ ಮೂಲನಿಯಮವೇ ಇದಕ್ಕೊಂದು ತಡೆ. ಮನೆ ಪಡೆಯುವವನು ಇಲ್ಲಿ ಕೈಯೊಡ್ಡಿ ನಿಂತವನಲ್ಲ. ಸಾಲ ತೀರಿಸುವ, ಬೆವರು ಸುರಿಸುವ, ಮುಂದಿನವನ ಮನೆಗೆ ಬಂಡವಾಳ ಕೊಡುವ ಪಾಲುದಾರ. ಕಟ್ಟಡದ ಅಂಗಳದಲ್ಲಿ ಕೆಲಸ ಹೆಚ್ಚು ತಿಳಿದಿರುವವನೂ ಎಷ್ಟೋ ಬಾರಿ ಅವನೇ. ಆ ನಿಯಮವನ್ನು ಸಡಿಲಿಸಿ ಕೀಲಿಕೈ ಹಸ್ತಾಂತರದ ಫೋಟೋ ಸಮಾರಂಭಕ್ಕೆ ಇಳಿದ ಯಾತ್ರೆಗೆ ಮಾತ್ರ ಆಕ್ಷೇಪ ಪೂರ್ತಿ ತಟ್ಟುತ್ತದೆ.

ನಾಲ್ಕನೆಯದು ಪ್ರಾಣದ ಪ್ರಶ್ನೆ. ವೇಗದ ವಾಹನಗಳ ರಸ್ತೆಯಲ್ಲಿ ನಡೆಯುವ ಈ ಯಾತ್ರೆಗಳಲ್ಲಿ ಸಾವುಗಳಾಗಿವೆ; 2015ರ ಜುಲೈನಲ್ಲಿ ಓಕ್ಲಹೋಮದಲ್ಲಿ ಸವಾರನೊಬ್ಬ ಕಾರಿಗೆ ಬಲಿಯಾದ. ಯಾವ ಮನೆಯೂ ಒಂದು ಜೀವಕ್ಕೆ ಸಮವಲ್ಲ. ದಾರಿಯ ಆಯ್ಕೆ, ಕನ್ನಡಿ ಮತ್ತು ಹೊಳೆಯುವ ಅಂಗಿ, ಸಾಲಾಗಿ ಸಾಗುವ ಶಿಸ್ತು, ಮಳೆ ಮಂಜಿನ ದಿನ ವ್ಯಾನ್ ಹತ್ತುವ ನಿಯಮ, ಸಾಕಷ್ಟು ಮುಂಚಿತ ತರಬೇತಿ ಇವೆಲ್ಲ ಬೇಕೇ ಬೇಕು. ಇವಿದ್ದೂ ಅಪಾಯ ಸೊನ್ನೆಯಾಗುವುದಿಲ್ಲ. ಖಂಡ ದಾಟಿದೆವೆಂಬ ಹೆಮ್ಮೆಗಾಗಿ ಅಪಾಯದ ರಸ್ತೆ ಹಿಡಿಯುವುದನ್ನು ಸಮರ್ಥಿಸಲಾಗದು. ದೂರ ಕಡಿಮೆಯಾದರೂ ಸುರಕ್ಷಿತ ದಾರಿಯ ವಾರದ ಯಾತ್ರೆಗಳು ಉದ್ದೇಶವನ್ನು ಅಷ್ಟೇ ಚೆನ್ನಾಗಿ ಈಡೇರಿಸಬಲ್ಲವು. ಈ ಆಕ್ಷೇಪದೆದುರು ಯಾತ್ರೆಯೇ ತನ್ನ ರೂಪವನ್ನು ಬದಲಿಸಿಕೊಳ್ಳಬೇಕು.

ಕೊನೆಯ ಆಕ್ಷೇಪ ತತ್ತ್ವದ್ದು: ವಸತಿ ನಾಗರಿಕನ ಹಕ್ಕು, ಒದಗಿಸುವುದು ಸರ್ಕಾರದ ಹೊಣೆ; ದಾನ ಆ ಹೊಣೆಯನ್ನು ಮರೆಮಾಚುತ್ತದೆ. ಹೊಣೆ ಸರ್ಕಾರದ್ದೆಂಬ ಮಾತನ್ನು ಒಪ್ಪಬೇಕು; ಮೇಲಿನ ಅಂಕಿಗಳೇ ಅದನ್ನು ಹೇಳುತ್ತವೆ. ಆದರೆ ಅಮೆರಿಕದಲ್ಲಿ ಕಡಿಮೆ ಬೆಲೆಯ ಮನೆಗಳಿಗೆ ತಡೆಯಾಗಿರುವುದು ಹಣದ ಅಭಾವ ಮಾತ್ರವಲ್ಲ. ಒಂದು ನಿವೇಶನದಲ್ಲಿ ಒಂದೇ ಕುಟುಂಬದ ಮನೆ ಇರಬೇಕೆಂಬ ಬಡಾವಣೆ ನಿಯಮಗಳು, ಬಡವರ ವಸತಿ ತಮ್ಮ ಬೀದಿಗೆ ಬೇಡವೆಂಬ ನೆರೆಹೊರೆಯವರ ವಿರೋಧ ಅಷ್ಟೇ ದೊಡ್ಡ ಅಡ್ಡಿ. 2018ರಲ್ಲಿ ಮಿನಿಯಾಪೊಲಿಸ್ ನಗರಸಭೆ, 2019ರಲ್ಲಿ ಆರೆಗಾನ್ ರಾಜ್ಯ ಅಂಥ ನಿಯಮಗಳನ್ನು ಸಡಿಲಿಸಿದ್ದು ಸಾರ್ವಜನಿಕ ಅಭಿಪ್ರಾಯ ಕದಲಿದ ಮೇಲೆಯೇ. ಸಂಜೆ ಚರ್ಚಿನ ಊಟದ ಮನೆಯಲ್ಲಿ ಐವತ್ತು ಜನರೆದುರು ನಡೆಯುವ ಮಾತು ಆ ಅಭಿಪ್ರಾಯವನ್ನು ಕದಲಿಸುವ ಹಲವು ಸಣ್ಣ ಸನ್ನೆಗೋಲುಗಳಲ್ಲಿ ಒಂದಾಗಬಲ್ಲದು. ಇಪ್ಪತ್ತೆರಡರ ವಯಸ್ಸಿನಲ್ಲಿ ಇಂಥ ಮನೆಯ ಗೋಡೆ ಎತ್ತಿದವರು ನಲವತ್ತಕ್ಕೆ ತಮ್ಮ ಬೀದಿಯ ಸಭೆಯಲ್ಲಿ ಅಂಥ ಮನೆಯ ಪರ ಕೈಯೆತ್ತುವರೇ ಎಂಬುದೇ ಯಾತ್ರೆಯ ನಿಜವಾದ ಪರೀಕ್ಷೆ.

ಭಾರತದ ಸಂದರ್ಭ

ಹ್ಯಾಬಿಟಾಟ್ ಭಾರತದಲ್ಲಿ 1983ರಿಂದ ಕೆಲಸ ಮಾಡುತ್ತಿದೆ. 2006ರಲ್ಲಿ ಕಾರ್ಟರ್ ದಂಪತಿಯ ವಾರ್ಷಿಕ ಕಟ್ಟಡ ಶಿಬಿರ ಮಹಾರಾಷ್ಟ್ರದ ಲೋನಾವಳ ಬಳಿ ನಡೆದು ನೂರು ಮನೆಗಳು ಎದ್ದವು. ಆದರೆ ವಸತಿಗಾಗಿ ಸೈಕಲ್ ಯಾತ್ರೆ ಇಲ್ಲಿ ಅಮೆರಿಕದಂತೆ ಬೇರುಬಿಟ್ಟಿಲ್ಲ. ಇಲ್ಲಿ ಗ್ರಾಮೀಣ ವಸತಿಯ ಭಾರ ಹೊತ್ತಿರುವುದು ಸರ್ಕಾರವೇ: 2016ರ ಪ್ರಧಾನಮಂತ್ರಿ ಆವಾಸ್ ಯೋಜನೆ ಬಯಲು ಸೀಮೆಯಲ್ಲಿ ಮನೆಯೊಂದಕ್ಕೆ 1.20 ಲಕ್ಷ ರೂಪಾಯಿ ನೆರವು ಗೊತ್ತುಮಾಡಿ, ಅದರ ಜೊತೆಗೆ ಉದ್ಯೋಗ ಖಾತರಿಯ ಕೂಲಿಯನ್ನು ಸೇರಿಸಿತು. ಫಲಾನುಭವಿಯ ಸ್ವಂತ ಶ್ರಮಕ್ಕೆ ಇಲ್ಲಿ ಕೂಲಿ ಸಿಗುತ್ತದೆ ಎಂಬುದು ಅಮೆರಿಕದ ಮಾದರಿಗಿಂತ ಮೇಲಾದ ಅಂಶ. ದೂರ ಸಾಗಿ ಬಡವರ ಪರ ಕೇಳುವ ಪರಂಪರೆಯಂತೂ ನಮಗೆ ಹೊಸದಲ್ಲ. 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಮೊದಲಾದ ವಿನೋಬಾ ಭಾವೆಯವರ ಭೂದಾನ ಪಾದಯಾತ್ರೆ ವರ್ಷಗಟ್ಟಲೆ ನಡೆಯಿತು. 1957ರಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ, ಭೂದಾನದಿಂದ ಬೆಳೆದ ಗ್ರಾಮದಾನದ ಬಗ್ಗೆ ಸಮಾಲೋಚಿಸಲು ನೆಹರೂ ಸೇರಿದಂತೆ ರಾಷ್ಟ್ರನಾಯಕರು ಕೂಡಿದ್ದರು. ದಾನವಾಗಿ ಬಂದ ಭೂಮಿ 40 ಲಕ್ಷ ಎಕರೆಗೂ ಹೆಚ್ಚು. ಆದರೆ ಅದರಲ್ಲಿ ಗಣನೀಯ ಪಾಲು ಸಾಗುವಳಿಗೆ ಬಾರದ್ದು ಅಥವಾ ತಗಾದೆಯಲ್ಲಿದ್ದದ್ದು. ಹಂಚಿಕೆಯ ವ್ಯವಸ್ಥೆ ನಡಿಗೆಯಷ್ಟು ಬಲವಾಗಿರಲಿಲ್ಲ. ಯಾತ್ರೆ ಮನಸ್ಸನ್ನು ತೆರೆಯುತ್ತದೆ. ತೆರೆದ ಮನಸ್ಸಿನಿಂದ ಬಂದದ್ದನ್ನು ಬಡವನ ಕೈಗೆ ಮುಟ್ಟಿಸಲು ಯಾತ್ರೆಯಷ್ಟೇ ಶ್ರದ್ಧೆಯ ಆಡಳಿತ ಬೇಕು.

ಮೌಲ್ಯಮಾಪನ

ಮೂರು ದಶಕಗಳ ಅನುಭವದಿಂದ ಕೆಲವು ನಿರ್ಣಯಗಳಿಗೆ ಬರಬಹುದು. ವಸತಿಗಾಗಿ ನಡೆಯುವ ಸೈಕಲ್ ಯಾತ್ರೆ ಸರ್ಕಾರಿ ವಸತಿ ನೀತಿಗೆ ಬದಲಿಯಲ್ಲ, ಹಾಗೆ ಹೇಳಿಕೊಳ್ಳಲೂಬಾರದು. ಅದರ ಹಣ ಮರಳಿ ಮರಳಿ ಮನೆಯಾಗುವ ನಿಧಿಗೆ ಸೇರಬೇಕು. ಖರ್ಚಿನ ಲೆಕ್ಕ ದಾನಿಗಳೆದುರು ತೆರೆದಿರಬೇಕು. ಸವಾರರು ಕಟ್ಟಡದ ಕೆಲಸದಲ್ಲೂ ಸಂಜೆಯ ಸಭೆಯಲ್ಲೂ ಪಾಲುಗೊಳ್ಳಬೇಕು. ದೂರದ ದಾಖಲೆಗಿಂತ ಸವಾರರ ಪ್ರಾಣಕ್ಕೆ ಬೆಲೆ ಹೆಚ್ಚಿರಬೇಕು. ಈ ಷರತ್ತುಗಳನ್ನು ಪಾಲಿಸಿದ ಯಾತ್ರೆ ಒಂದೆರಡು ಕುಟುಂಬಗಳ ಮನೆಗೆ ನೆರವು, ಮೂವತ್ತು ತರುಣರಿಗೆ ವಸತಿಯ ಅರಿವು, ಹತ್ತಾರು ಊರುಗಳಿಗೆ ಆ ಪ್ರಶ್ನೆಯ ಪರಿಚಯ ಇಷ್ಟನ್ನು ಒಟ್ಟಿಗೆ ಕೊಡುತ್ತದೆ. ಅಷ್ಟೇ ಮೊತ್ತದ ಚೆಕ್ಕು ಮೊದಲನೆಯದನ್ನು ಮಾತ್ರ ಕೊಡಬಲ್ಲದು. ಮನೆಯ ಪ್ರಶ್ನೆ ಹಣದ್ದೂ ನೆರೆಹೊರೆಯ ಒಪ್ಪಿಗೆಯದ್ದೂ ಆಗಿರುವವರೆಗೆ, ಎರಡಕ್ಕೂ ಕೈಹಾಕುವ ಇಂಥ ಯಾತ್ರೆಗಳು ನಡೆಯಬೇಕು, ಇನ್ನಷ್ಟು ಎಚ್ಚರದಿಂದ ನಡೆಯಬೇಕು.